ಬಾಟ್ಲಿ ತುಂಬಾ ನೀರು: ಕಾರ್ಮಿಕರ ಬದುಕು, ಆರೋಗ್ಯದ ಮೇಲೆ ದಾಖಲೆ ನಾಟಕ ಕಟ್ಟುವುದು ಹೇಗೆ

ಸಂಜೆ ಏಳೂವರೆ. ಬೆಂಗಳೂರಿನ ಹೊಸೂರು ರಸ್ತೆ ಪಕ್ಕದ ಒಂದು ವಠಾರ. ಗಾರ್ಮೆಂಟ್ಸ್‌ನಿಂದ ಆಗಷ್ಟೇ ಬಂದ ಒಬ್ಬ ಅಕ್ಕ ಹೆಗಲಿನ ಚೀಲ ಇಳಿಸಿದರು. ಊಟದ ಡಬ್ಬಿ ತೆಗೆದು ತೊಳೆಯೋಕೆ ಹಾಕಿದರು. ಆಮೇಲೆ ಒಂದು ಲೀಟರಿನ ಬಾಟ್ಲಿ ತೆಗೆದು, ಮುಚ್ಚಳ ತಿರುಗಿಸಿ, ಬಾಗಿಲ ಪಕ್ಕದ ತುಳಸಿ ಗಿಡಕ್ಕೆ ನೀರು ಸುರಿದರು. ಬಾಟ್ಲಿ ಹೆಚ್ಚುಕಡಿಮೆ ತುಂಬಿತ್ತು.

"ನೀರು ಕುಡೀಲಿಲ್ವಾ ಅಕ್ಕ?" ಅಂತ ಕೇಳಿದೆ.

"ಕುಡಿದ್ರೆ ಹೋಗ್ಬೇಕಾಯ್ತದೆ. ಹೋದ್ರೆ ಪೀಸ್ ಗುಡ್ಡೆ ಬೀಳ್ತದೆ" ಅಂದರು. ಅಷ್ಟು ಹೇಳಿ ಅಕ್ಕಿ ತೊಳೆಯೋಕೆ ಹೋದರು.

ನಾವು ಅವತ್ತು ಸಂಬಳದ ಬಗ್ಗೆ ಕೇಳೋಕೆ ಹೋಗಿದ್ದೆವು. ಹದಿನೈದು ಪ್ರಶ್ನೆ ಬರೆದುಕೊಂಡಿದ್ದೆವು. ನೀರಿನ ಬಗ್ಗೆ ಒಂದೂ ಇರಲಿಲ್ಲ. ಆದರೆ ನಮ್ಮ ನಾಟಕ ಹುಟ್ಟಿದ್ದು ಆ ಬಾಟ್ಲಿಯಿಂದಲೇ. ನೀವೂ ನಿಮ್ಮ ಊರಿನ ಕಾರ್ಮಿಕರ ಬಗ್ಗೆ ಇಂಥದ್ದೊಂದು ನಾಟಕ ಕಟ್ಟಬೇಕು ಅಂದುಕೊಂಡಿದ್ದರೆ, ನಾವು ಹೇಗೆ ಮಾಡಿದೆವು, ಎಲ್ಲಿ ತಪ್ಪಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆ ಎಲ್ಲ ಗಾರ್ಮೆಂಟ್ಸ್‌ದು, ನನಗೆ ಗೊತ್ತಿರುವುದು ಅದೇ. ಬೀಡಿ ಕಟ್ಟುವವರ ಬಗ್ಗೆ, ಪೌರಕಾರ್ಮಿಕರ ಬಗ್ಗೆ, ಕಲ್ಲು ಕ್ರಷರ್‌ನವರ ಬಗ್ಗೆ ಮಾಡುವವರಿಗೂ ದಾರಿ ಇದೇ.

ದಾಖಲೆ ನಾಟಕ ಅಂದರೆ

ನಾಟಕದ ಮಾತನ್ನು ನಾವು ಹುಟ್ಟಿಸುವುದಿಲ್ಲ. ನಿಜವಾದ ಜನ ಹೇಳಿದ ಮಾತು, ಸಂಬಳದ ಚೀಟಿ, ಸರ್ಕಾರಿ ಆದೇಶ, ಪತ್ರಿಕೆ ವರದಿ, ಆಸ್ಪತ್ರೆ ಚೀಟಿ, ಇವನ್ನೇ ಜೋಡಿಸಿ ರಂಗದ ಮೇಲೆ ತರುತ್ತೇವೆ. 1925ರಲ್ಲಿ ಬರ್ಲಿನ್‌ನಲ್ಲಿ ಎರ್ವಿನ್ ಪಿಸ್ಕಾಟರ್ ಅನ್ನುವ ನಾಟಕ ನಿರ್ದೇಶಕ ಭಾಷಣ, ಪತ್ರಿಕೆ ತುಣುಕು, ಸಿನಿಮಾ ರೀಲು ಸೇರಿಸಿ ಹೀಗೊಂದು ಪ್ರಯೋಗ ಮಾಡಿದ. ಅಮೆರಿಕದಲ್ಲಿ 1935ರಿಂದ 1939ರವರೆಗೆ ಕೆಲಸ ಕಳೆದುಕೊಂಡ ನಟರು, ಪತ್ರಕರ್ತರು ಸರ್ಕಾರದ ದುಡ್ಡಿನಲ್ಲಿ 'ಲಿವಿಂಗ್ ನ್ಯೂಸ್‌ಪೇಪರ್' ಅನ್ನುವ ನಾಟಕಗಳನ್ನು ಆಡಿದರು. ಇಂಗ್ಲೆಂಡಿನ ಸ್ಟೋಕ್ ಊರಿನಲ್ಲಿ ಪೀಟರ್ ಚೀಸ್‌ಮನ್ ಅನ್ನುವ ನಿರ್ದೇಶಕ ಟೇಪ್ ರೆಕಾರ್ಡರ್ ಹಿಡಿದು ಉಕ್ಕಿನ ಕಾರ್ಖಾನೆಯವರ ಹತ್ತಿರ ಹೋದ. ಮೂಲ ದಾಖಲೆಯಲ್ಲಿ ಇಲ್ಲದ ಒಂದು ಮಾತೂ ರಂಗದ ಮೇಲೆ ಬರಬಾರದು ಅನ್ನುವುದು ಅವನ ನಿಯಮ. ನಮ್ಮಲ್ಲಿ 1975ರಲ್ಲಿ ಶುರುವಾದ 'ಸಮುದಾಯ' ತಂಡ ನಾಟಕವನ್ನು ಬೀದಿಗೆ, ಹಳ್ಳಿಗೆ ತಂದಿತು. ಬಿಹಾರದ ಬೆಲ್ಚಿಯಲ್ಲಿ ನಡೆದ ಹತ್ಯೆಯ ಮೇಲೆ ಅವರು ಮಾಡಿದ ಬೀದಿನಾಟಕವನ್ನು ನೋಡಿದ ಹಿರಿಯರು ನಿಮ್ಮ ಊರಿನಲ್ಲೂ ಇರಬಹುದು. ಸಿಕ್ಕರೆ ಕೂತು ಕೇಳಿ.

ಇತಿಹಾಸ ಇಷ್ಟು ಸಾಕು. ಕೆಲಸಕ್ಕೆ ಬರೋಣ.

ಮೊದಲು, ವಿಷಯವನ್ನು ಚಿಕ್ಕದು ಮಾಡಿ

'ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕಷ್ಟ' ಅನ್ನುವುದು ನಾಟಕದ ವಿಷಯ ಅಲ್ಲ. ಅದು ಭಾಷಣದ ವಿಷಯ. 'ಬೆಳಿಗ್ಗೆ ತುಂಬಿಸಿಕೊಂಡು ಹೋದ ಬಾಟ್ಲಿ ಸಂಜೆ ಯಾಕೆ ತುಂಬಿದ ಹಾಗೇ ವಾಪಸ್ ಬರುತ್ತದೆ?' ಅನ್ನುವುದು ನಾಟಕದ ವಿಷಯ. ಆ ಒಂದು ಪ್ರಶ್ನೆ ಹಿಡಿದು ಹೊರಟರೆ ಟಾರ್ಗೆಟ್ ಬರುತ್ತದೆ, ಶೌಚಾಲಯ ಬರುತ್ತದೆ, ಸೂಪರ್‌ವೈಸರ್ ಬರುತ್ತಾನೆ, ಅಂಗಿಯ ರೇಟು ಕಟ್ಟುವ ವಿದೇಶಿ ಕಂಪನಿಯೂ ಬರುತ್ತದೆ. ಯಾವುದನ್ನೂ ಎಳೆದು ತರಬೇಕಿಲ್ಲ.

1978ರಲ್ಲಿ ದೆಹಲಿಯ ಜನ ನಾಟ್ಯ ಮಂಚ್ ಆಡಿದ ಮೊದಲ ಬೀದಿನಾಟಕ ನೆನಪಿಸಿಕೊಳ್ಳಿ. ಅದರ ಹಿಂದೆ ಇದ್ದದ್ದು ಗಾಜಿಯಾಬಾದಿನ ಒಂದು ಕಾರ್ಖಾನೆಯ ಘಟನೆ. ಕಾರ್ಮಿಕರು ಕೇಳಿದ್ದು ಸೈಕಲ್ ನಿಲ್ಲಿಸೋಕೆ ಜಾಗ, ಬಿಸಿ ಟೀ ಸಿಗುವ ವ್ಯವಸ್ಥೆ. ಅದಕ್ಕೆ ಗುಂಡು ಹಾರಿತು, ಆರು ಜನ ಸತ್ತರು. ಕಾಲು ಗಂಟೆಯೂ ಇಲ್ಲದ ಆ ನಾಟಕ ದೇಶವೆಲ್ಲ ಸುತ್ತಿತು. ಸೈಕಲ್ ಸ್ಟ್ಯಾಂಡ್ ಅಂದ ಕೂಡಲೇ ನೋಡುವವರಿಗೆ ಅರ್ಥ ಆಗುತ್ತದೆ, ಅಲ್ವಾ? ನಿಮ್ಮ ಸೈಕಲ್ ಸ್ಟ್ಯಾಂಡ್ ಯಾವುದು ಅಂತ ಹುಡುಕಿ. ಮೊದಲ ದಿನವೇ ಸಿಗುವುದಿಲ್ಲ. ನಮಗೆ ಎರಡು ತಿಂಗಳು ಹಿಡಿಯಿತು.

ಯಾರ ಜೊತೆ, ಎಲ್ಲಿಗೆ, ಯಾವಾಗ ಹೋಗುವುದು

ಕಾರ್ಖಾನೆ ಗೇಟಿನ ಮುಂದೆ ನಿಂತು ಮಾತಾಡಿಸಬೇಡಿ. ಸೆಕ್ಯುರಿಟಿಯವರು ನೋಡುತ್ತಾರೆ, ಸೂಪರ್‌ವೈಸರ್ ನೋಡುತ್ತಾನೆ, ಮಾರನೇ ದಿನ ಅವರನ್ನು ಕರೆದು ಕೇಳುತ್ತಾರೆ. ನೀವು ಬಸ್ಸು ಹತ್ತಿ ಮನೆಗೆ ಹೋಗುತ್ತೀರಿ. ಅವರು ಮಾರನೇ ಬೆಳಿಗ್ಗೆ ಅದೇ ಗೇಟಿನಲ್ಲಿ ಒಳಗೆ ಹೋಗಬೇಕು.

ಮನೆಗೇ ಹೋಗಿ. ಆದರೆ ಒಬ್ಬರೇ ಹೋಗಬೇಡಿ. ಅಲ್ಲಿನ ಯೂನಿಯನ್‌ನವರು, ಆಶಾ ಕಾರ್ಯಕರ್ತೆ, ಅಥವಾ ಅದೇ ವಠಾರದಲ್ಲಿ ಇರುವ ಒಬ್ಬರು ಜೊತೆಗಿರಲಿ. ಭಾನುವಾರ ಮಧ್ಯಾಹ್ನ ಒಳ್ಳೆಯ ಹೊತ್ತು ಅಂತ ನಾವು ಅಂದುಕೊಂಡಿದ್ದೆವು. ಅದು ತಪ್ಪು. ವಾರದ ಬಟ್ಟೆ ಒಗೆಯುವುದು, ರೇಷನ್ ತರುವುದು, ಮಕ್ಕಳ ತಲೆ ನೋಡುವುದು ಎಲ್ಲ ಅವತ್ತೇ. ನಾಲ್ಕು ಗಂಟೆ ಮೇಲೆ ಸ್ವಲ್ಪ ಬಿಡುವು. ಅಡುಗೆ ಮಾಡುತ್ತಾ ಮಾತಾಡುವುದು ಅವರಿಗೆ ಇಷ್ಟ ಆದರೆ ಬೆಳ್ಳುಳ್ಳಿ ಬಿಡಿಸುತ್ತಾ ಕೂತುಕೊಳ್ಳಿ. ಕೈಗೆ ಕೆಲಸ ಇದ್ದಾಗ ಬಾಯಿ ಹಗುರ ಆಗುತ್ತದೆ.

ಒಡಿಶಾ, ಜಾರ್ಖಂಡ್, ಬಿಹಾರದಿಂದ ಬಂದ ಹುಡುಗಿಯರೂ ಈಗ ಈ ಕೆಲಸದಲ್ಲಿದ್ದಾರೆ. ಅವರಲ್ಲಿ ಹಾಸ್ಟೆಲ್‌ನಲ್ಲಿ ಇರುವವರು ಸಿಗುವುದು ಕಷ್ಟ. ಅವರ ಮಾತು ಬೇಕು ಅಂದರೆ ಅವರ ಭಾಷೆ ಬರುವವರನ್ನು ಮೊದಲೇ ತಂಡಕ್ಕೆ ಸೇರಿಸಿಕೊಳ್ಳಿ. ಸುಮ್ನೆ ಹರಕು ಹಿಂದಿಯಲ್ಲಿ ಆರೋಗ್ಯದ ಬಗ್ಗೆ ಕೇಳಿದರೆ 'ಸಬ್ ಠೀಕ್ ಹೈ' ಅನ್ನುವುದಕ್ಕಿಂತ ಜಾಸ್ತಿ ಏನೂ ಸಿಗುವುದಿಲ್ಲ.

ಕೇಳುವ ಬಗೆ

ಮೊದಲ ಭೇಟಿಗೆ ರೆಕಾರ್ಡರ್ ಬೇಡ. ಎರಡನೆಯದಕ್ಕೆ ಕೇಳಿ ಆನ್ ಮಾಡಿ. ಏನಕ್ಕೆ, ಎಲ್ಲಿ ಆಡುತ್ತೇವೆ, ಹೆಸರು ಬರುವುದಿಲ್ಲ, ಬೇಡ ಅಂದರೆ ಯಾವಾಗ ಬೇಕಾದರೂ ಅಳಿಸುತ್ತೇವೆ, ಇಷ್ಟನ್ನೂ ಅವರ ಭಾಷೆಯಲ್ಲಿ ಹೇಳಿ. ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದಕ್ಕೆ ನಾನು ಅಷ್ಟು ಒಲವು ತೋರುವುದಿಲ್ಲ. ಸಹಿ ಅಂದ ಕೂಡಲೇ ಅವರಿಗೆ ನೆನಪಾಗುವುದು ರಾಜೀನಾಮೆ ಪತ್ರ, ಸಾಲದ ಪತ್ರ. ಒಪ್ಪಿಗೆಯನ್ನು ರೆಕಾರ್ಡಿಂಗ್‌ನಲ್ಲೇ ಮಾತಿನಲ್ಲಿ ತೆಗೆದುಕೊಳ್ಳಿ. ನಾಟಕ ಸಿದ್ಧವಾದ ಮೇಲೆ ಇನ್ನೊಂದು ಸಲ ಕೇಳಿ. ಒಂದು ಸಲ ಕೊಟ್ಟ ಒಪ್ಪಿಗೆ ಎಲ್ಲದಕ್ಕೂ ಕೊಟ್ಟ ಒಪ್ಪಿಗೆ ಅಲ್ಲ.

'ನಿಮ್ಮ ಸಮಸ್ಯೆ ಏನು?' ಅಂತ ಯಾವತ್ತೂ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರ ಹತ್ತಿರವೂ ಒಂದು ಸಿದ್ಧ ಉತ್ತರ ಇರುತ್ತದೆ. 'ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಹೇಳಿ ಅಕ್ಕ' ಅನ್ನಿ. ಎಷ್ಟೊತ್ತಿಗೆ ಎದ್ದಿರಿ, ನೀರು ಎಷ್ಟೊತ್ತಿಗೆ ಬಂತು, ಬಸ್ಸಲ್ಲಿ ಸೀಟು ಸಿಕ್ಕಿತಾ, ಯಾವ ಮಷಿನ್, ಪಕ್ಕದಲ್ಲಿ ಯಾರು. 'ಕಾಲರ್ ಹೇಗೆ ಹೊಲಿತೀರಿ, ಕೈಯಲ್ಲೇ ತೋರಿಸಿ' ಅಂದರೆ ಅವರು ಕೂತ ಜಾಗದಲ್ಲೇ ತೋರಿಸುತ್ತಾರೆ. ಎಡಗೈ ಬಟ್ಟೆ ತಿರುಗಿಸುತ್ತದೆ, ಬಲ ಮಂಡಿ ಪಕ್ಕಕ್ಕೆ ಒತ್ತುತ್ತದೆ, ಕುತ್ತಿಗೆ ಮುಂದಕ್ಕೆ ಬಾಗುತ್ತದೆ. ಅದನ್ನು ಬರೆದುಕೊಳ್ಳಿ. ನಿಮ್ಮ ನಟಿಗೆ ಆಮೇಲೆ ಬೇಕಾಗುವುದು ಅದೇ.

ಆರೋಗ್ಯದ ಮಾತು ತೆಗೆಯೋಕೆ ನಮಗೆ ತುಂಬಾ ನೆರವಾದದ್ದು ಮೈ ನಕ್ಷೆ. ಇದು ಬೇರೆ ಬೇರೆ ದೇಶಗಳ ಕಾರ್ಮಿಕ ಸಂಘಟನೆಗಳು ಬಳಸುವ ಹಳೆಯ ಪದ್ಧತಿ. ಒಂದು ದೊಡ್ಡ ಕೋರಾ ಬಟ್ಟೆ ನೆಲದ ಮೇಲೆ ಹಾಸಿ. ಒಬ್ಬರು ಅದರ ಮೇಲೆ ಮಲಗಲಿ, ಇನ್ನೊಬ್ಬರು ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯಲಿ. ಆಮೇಲೆ ಎಲ್ಲರಿಗೂ ಸ್ಟಿಕ್ಕರ್ ಬಿಂದಿಯ ಒಂದೊಂದು ಪ್ಯಾಕೆಟ್ ಕೊಡಿ. ನೋವಿರುವ ಜಾಗಕ್ಕೆ ಅಂಟಿಸಿ ಅನ್ನಿ.

ನಾವು ಮಾಡಿದ ದಿನ ಹನ್ನೊಂದು ಜನ ಇದ್ದರು. ಮೊದಲ ಹತ್ತು ನಿಮಿಷ ನಗುವೋ ನಗು. ಮಲಗಿದವರ ಹೊಟ್ಟೆ ದಪ್ಪ ಬಂತು ಅಂತ ಒಬ್ಬರು, ಬಿಂದಿ ದಂಡ ಆಯ್ತು ಅಂತ ಇನ್ನೊಬ್ಬರು. ಕುತ್ತಿಗೆ, ಭುಜ, ಸೊಂಟ, ಮೀನಖಂಡ, ಕಣ್ಣು, ಎಲ್ಲ ಕಡೆ ಕೆಂಪು ಚುಕ್ಕೆ ತುಂಬಿತು. ಬಟ್ಟೆ ದೂಳಿಗೆ ಅಂತ ಒಬ್ಬರು ಎದೆ ಮೇಲೆ ಮೂರು ಅಂಟಿಸಿದರು. ಎಲ್ಲ ಮುಗೀತು ಅನ್ನುವಾಗ, ಅಲ್ಲಿಯವರೆಗೂ ಮಾತೇ ಆಡದ ಒಬ್ಬ ಹುಡುಗಿ ಬಂದು ಕಿಬ್ಬೊಟ್ಟೆಯ ಮೇಲೆ ಒಂದು ಬಿಂದಿ ಅಂಟಿಸಿ, ಹಿಂದೆ ಹೋಗಿ ಗೋಡೆಗೆ ಒರಗಿ ಕೂತಳು. ರೂಮಿನಲ್ಲಿ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಎದ್ದು ಅದೇ ಜಾಗಕ್ಕೆ ಅಂಟಿಸಿದರು. ಆಮೇಲೆ ಇನ್ನೊಬ್ಬರು. ಕೊನೆಗೆ ಅಲ್ಲಿ ಏಳು ಬಿಂದಿ. ಉರಿಮೂತ್ರದ ಬಗ್ಗೆ, ಬಟ್ಟೆ ಬದಲಿಸೋಕೆ ಹೋಗಲಾಗದ ಮುಟ್ಟಿನ ದಿನಗಳ ಬಗ್ಗೆ ಅವರು ಮಾತಾಡಿದ್ದು ಅದಾದ ಮೇಲೆ. ಆ ಬಟ್ಟೆಯನ್ನೇ ನಾಟಕದ ಹಿಂದಿನ ಪರದೆ ಮಾಡಿಕೊಂಡೆವು.

ಗಂಡಸರು ತಂಡದಲ್ಲಿದ್ದರೆ ಆ ಹೊತ್ತಿಗೆ ಹೊರಗೆ ಹೋಗಿ ಮಕ್ಕಳನ್ನು ಆಡಿಸಲಿ.

ನಾವು ಮಾಡಿದ ದೊಡ್ಡ ತಪ್ಪು

ಇದನ್ನು ಬರೆಯಲೇಬೇಕು. ಮೊದಲ ಸಲ ಆಡಿದಾಗ ನಾವು ಎಲ್ಲರ ಹೆಸರು ಬದಲಿಸಿದ್ದೆವು. ಅಷ್ಟು ಸಾಕು ಅಂದುಕೊಂಡಿದ್ದೆವು. ಒಬ್ಬರ ಮಾತಿನಲ್ಲಿ ಗುಂಡಿ ತೂತು ಹೊಲಿಯುವ ಕಾಜಾ ಮಷಿನ್ ಬರುತ್ತಿತ್ತು, ಮಗಳು ಎರಡನೇ ಪಿಯುಸಿ ಅಂತ ಬರುತ್ತಿತ್ತು, ಸೂಪರ್‌ವೈಸರ್ ಬೈದ ಬೈಗುಳ ಇದ್ದ ಹಾಗೇ ಬರುತ್ತಿತ್ತು. ನೋಡೋಕೆ ಬಂದವರಲ್ಲಿ ಅದೇ ಕಾರ್ಖಾನೆಯ ಯಾರೋ ಇದ್ದರು. ಆ ಬ್ಯಾಚಿನಲ್ಲಿ ಕಾಜಾ ಮಷಿನ್ ಮೇಲೆ ಕೂರುವವರು ಒಬ್ಬರೇ. ವಾರದೊಳಗೆ ಅವರನ್ನು ಬೇರೆ ಲೈನಿಗೆ ಹಾಕಿದರು, ಬಾರದ ಕೆಲಸ ಕೊಟ್ಟರು, ದಿನಾ ಎಲ್ಲರ ಮುಂದೆ ನಿಲ್ಲಿಸಿ ಕೇಳಿದರು. ಒಂದೂವರೆ ತಿಂಗಳಿಗೆ ಅವರೇ ಕೆಲಸ ಬಿಟ್ಟರು. ಎಂಟು ವರ್ಷದ ಸರ್ವೀಸು.

ನಾವು ಅವರ ಮನೆಗೆ ಹೋದೆವು. ಬೈಯುತ್ತಾರೆ ಅಂದುಕೊಂಡಿದ್ದೆವು. ಕಾಫಿ ಮಾಡಿ ಕೊಟ್ಟು, "ನೀವು ಬೇಕು ಅಂತ ಮಾಡಿದ್ದಲ್ಲ ಬಿಡಿ ಮೇಡಂ" ಅಂದರು. ಅಲ್ಲಿಯವರೆಗೆ ನನ್ನನ್ನು ಅಕ್ಕ ಅನ್ನುತ್ತಿದ್ದವರು ಅವತ್ತು ಮೇಡಂ ಅಂದರು. ಆ ನಾಟಕ ನಿಲ್ಲಿಸಿದೆವು. ಯೂನಿಯನ್‌ನವರ ನೆರವಿನಿಂದ ಅವರಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಆದರೆ ಸಂಬಳ ಮೊದಲಿನಷ್ಟು ಇಲ್ಲ.

ಅಲ್ಲಿಂದ ನಮ್ಮ ನಿಯಮ ಹೀಗಿದೆ. ಹೆಸರಿನ ಜೊತೆ ಊರು, ಮಷಿನ್, ಮಕ್ಕಳ ವಯಸ್ಸು, ಸರ್ವೀಸಿನ ವರ್ಷ ಎಲ್ಲ ಬದಲಿಸುತ್ತೇವೆ. ಒಂದು ಪಾತ್ರಕ್ಕೆ ಕಡಿಮೆ ಅಂದರೂ ಮೂವರ ಮಾತು ಸೇರಿಸುತ್ತೇವೆ. ಹಾಗೆ ಸೇರಿಸಿದ್ದೇವೆ ಅಂತ ನಾಟಕದ ಶುರುವಿನಲ್ಲೇ ನೋಡುವವರಿಗೆ ಹೇಳುತ್ತೇವೆ. ಯಾವ ಮಾತು ಒಬ್ಬರಿಗೆ ಮಾತ್ರ ಗೊತ್ತಿರಲು ಸಾಧ್ಯವೋ ಆ ಮಾತನ್ನು, ಅದು ಎಷ್ಟೇ ಚೆನ್ನಾಗಿದ್ದರೂ, ಬಿಡುತ್ತೇವೆ. ಚೀಸ್‌ಮನ್ನನ ಕಟ್ಟುನಿಟ್ಟಿನ ನಿಯಮ ನನಗೆ ತುಂಬಾ ಇಷ್ಟ. ಆದರೆ ಇನ್ನೂ ಅದೇ ಕೆಲಸದಲ್ಲಿರುವವರ ಬಗ್ಗೆ ಮಾಡುವಾಗ ಅದನ್ನು ಹಾಗೇ ಪಾಲಿಸಬಾರದು ಅನ್ನುವುದು ನನ್ನ ಅಭಿಪ್ರಾಯ.

ಕಾಗದ ಪತ್ರ

ಮಾತಿಗೆ ಆಧಾರ ಬೇಕು. ಇಲ್ಲದಿದ್ದರೆ 'ಇವರು ಸುಮ್ನೆ ಅಳುತ್ತಾರೆ' ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ. ಮೊದಲು ಸಂಬಳದ ಚೀಟಿ ನೋಡಿ. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐಗೆ ಎಷ್ಟು ಹಿಡಿದಿದ್ದಾರೆ? 2019ರ ಜುಲೈಯಿಂದ ಕಾರ್ಮಿಕರ ಪಾಲು ಸಂಬಳದ ಶೇಕಡಾ 0.75, ಮಾಲೀಕರ ಪಾಲು ಶೇಕಡಾ 3.25. ಕಾಯಿಲೆ ರಜೆಗೆ ಇಎಸ್‌ಐ ಕೊಡುವುದು ಸಂಬಳದ ಶೇಕಡಾ 70, ವರ್ಷಕ್ಕೆ 91 ದಿನದವರೆಗೆ. ನಾವು ಮಾತಾಡಿಸಿದವರಲ್ಲಿ ಎಷ್ಟೋ ಜನಕ್ಕೆ ಹಣ ಹಿಡಿಯುವುದು ಗೊತ್ತಿತ್ತು, ಈ 91 ದಿನದ ವಿಷಯ ಗೊತ್ತಿರಲಿಲ್ಲ. ಅದು ನಾಟಕದ ಒಂದು ದೃಶ್ಯವಾಯಿತು.

ಸರ್ಕಾರದ ತಪಾಸಣೆ ವರದಿಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಹತ್ತಿರ ಅವು ಇರುತ್ತವೆ. ಹತ್ತು ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಕೇಳಬೇಕು. ಉದ್ದ ಬರೆದರೆ ವಾಪಸ್ ಬರುತ್ತದೆ. ಉತ್ತರ ಬರುವುದು ತಡವಾಗಬಹುದು, ಹಾಗಾಗಿ ಮೊದಲ ವಾರವೇ ಹಾಕಿಬಿಡಿ.

ಕಾನೂನಿನ ಸಾಲನ್ನು ನಾಟಕದಲ್ಲಿ ಹೇಳುವ ಮುಂಚೆ ಕಾರ್ಮಿಕ ವಕೀಲರಿಗೆ ತೋರಿಸಿ. 1948ರ ಫ್ಯಾಕ್ಟರಿ ಕಾಯ್ದೆಯ ಕಲಮುಗಳನ್ನೇ ನಾವೆಲ್ಲ ಉರು ಹೊಡೆದಿದ್ದೆವು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕಲಮು ಹೇಳಿ ಸಿಕ್ಕಿಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

ಡಾಕ್ಟರ ವಿಷಯವೂ ಹಾಗೇ. ನೀರು ಕಡಿಮೆ ಕುಡಿದು, ಮೂತ್ರ ಕಟ್ಟಿಕೊಂಡು ಕೂತರೆ ಮೂತ್ರದ ಸೋಂಕು, ಕಲ್ಲು ಆಗುವ ಸಾಧ್ಯತೆ ಹೆಚ್ಚುತ್ತದೆ ಅಂತ ಹೇಳಬಹುದು. 'ಈ ಕಾರ್ಖಾನೆಯಿಂದಲೇ ಇವರ ಕಿಡ್ನಿ ಹೋಯಿತು' ಅಂತ ನಾವು ಹೇಳೋಕೆ ಆಗುವುದಿಲ್ಲ. ನಮ್ಮ ಹಸ್ತಪ್ರತಿ ಓದಿದ ಒಬ್ಬ ಡಾಕ್ಟರು ಅಂಥ ಮೂರು ಸಾಲಿಗೆ ಗೆರೆ ಎಳೆದರು. ತೆಗೆದೆವು. ನಾಟಕ ಇನ್ನೂ ಗಟ್ಟಿಯಾಯಿತು.

ಪತ್ರಿಕೆ ವರದಿ ಓದುವಾಗ ಅದರಲ್ಲಿ ಯಾರ ಮಾತಿದೆ ಅಂತ ನೋಡಿ. 2016ರ ಏಪ್ರಿಲ್ 18, 19ರಂದು ಪಿಎಫ್ ಹಣ ತೆಗೆಯುವ ಹೊಸ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರಸ್ತೆಗೆ ಇಳಿದರು. ಮಾಲೀಕರ ಪಾಲಿನ ಹಣ 58 ವರ್ಷದವರೆಗೆ ಸಿಗುವುದಿಲ್ಲ ಅನ್ನುವುದು ಆ ನಿಯಮ. ಎರಡನೇ ದಿನವೇ ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಅವತ್ತಿನ ಸುದ್ದಿಯಲ್ಲಿ ಸುಟ್ಟ ಬಸ್ಸು, ಲಾಠಿ, ಟ್ರಾಫಿಕ್ ಜಾಮ್ ಜಾಸ್ತಿ. ಆ ರಸ್ತೆಯಲ್ಲಿ ಕೂತಿದ್ದವರನ್ನು ಕೇಳಿದರೆ ಬೇರೆಯೇ ನೆನಪು. ಒಬ್ಬರು ಹೇಳಿದರು: "ಅವತ್ತು ಮಧ್ಯಾಹ್ನ ನಾನು ಎರಡು ಪ್ಯಾಕೆಟ್ ನೀರು ಕುಡ್ದೆ. ಯಾರೂ ಬೈಲಿಲ್ಲ." ಪತ್ರಿಕೆ ಸಾಲನ್ನೂ ಈ ಸಾಲನ್ನೂ ಪಕ್ಕಪಕ್ಕ ಇಟ್ಟರೆ ಸಾಕು.

ಮಾತನ್ನು ನಾಟಕ ಮಾಡುವುದು

ಒಂದು ಗಂಟೆ ರೆಕಾರ್ಡಿಂಗ್ ಬರೆದು ಮುಗಿಸೋಕೆ ಐದಾರು ಗಂಟೆ ಬೇಕು. ಅವರು ಆಡಿದ ಹಾಗೇ ಬರೆಯಿರಿ. ಮಂಡ್ಯದವರು 'ವೋಯ್ತೀನಿ' ಅಂದರೆ 'ಹೋಗುತ್ತೇನೆ' ಅಂತ ತಿದ್ದಬೇಡಿ. ನಡುವೆ ಸುಮ್ಮನಾದರೆ 'ಸುಮ್ಮನಾದರು' ಅಂತಲೂ ಬರೆಯಿರಿ. ಎಲ್ಲ ಬರೆದಾದ ಮೇಲೆ ಸಾಲು ಸಾಲಾಗಿ ಕತ್ತರಿಸಿ ಗೋಡೆಗೆ ಅಂಟಿಸಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದು ದಿನದ ಲೆಕ್ಕದಲ್ಲಿ ಜೋಡಿಸುತ್ತಾ ಹೋಗಿ. ಇದಕ್ಕಿಂತ ಸುಲಭವಾದ ಕಟ್ಟು ನನಗೆ ಇನ್ನೂ ಸಿಕ್ಕಿಲ್ಲ.

ಅಂಕಿಗೂ ಮಾತಿಗೂ ಹೆಣೆಯುವುದು ಹೇಗೆ ಅಂತ ಒಂದು ತುಣುಕು ತೋರಿಸುತ್ತೇನೆ. ಮೂರು ಸ್ಟೂಲ್, ಮೂವರು ಹೊಲಿಯುತ್ತಿದ್ದಾರೆ. ಒಬ್ಬಳು ಪಕ್ಕದಲ್ಲಿ ನಿಂತು ಓದುತ್ತಾಳೆ.

ಮೊದಲನೆಯವಳು: ಐದಕ್ಕೆ ಎದ್ದೇಳ್ತೀನಿ. ನೀರು ಬಿಡೋದು ಐದೂವರೆಗಲ್ವಾ.
ಎರಡನೆಯವಳು: ಲೈನಲ್ಲಿ ನಂದು ಕಾಲರ್.
ಓದುವವಳು: ಗಂಟೆಗೆ 80 ಪೀಸ್ ಟಾರ್ಗೆಟ್. ಒಂದಕ್ಕೆ 45 ಸೆಕೆಂಡ್.
ಎರಡನೆಯವಳು: ಎದ್ದು ಹೋಗಿ ಬರೋಕೆ ಐದು ನಿಮಿಷ.
ಓದುವವಳು: ಆರು ಪೀಸ್ ಬಾಕಿ. ಏಳನೆಯದು ಅರ್ಧಕ್ಕಿಂತ ಜಾಸ್ತಿ.
ಮೂರನೆಯವಳು: ಕುಡಿಯಲ್ಲ ಅಂದ್ಮೇಲೆ ಬಾಟ್ಲಿ ಯಾಕಮ್ಮ ಅಂತಾನೆ ಮಗ. ಬಾಯಿ ಒಣಗಿದ್ರೆ ಒಂದು ಗುಟುಕು ಅಂತೀನಿ.

ಇಷ್ಟೇ. ಓದುವವಳು ಅಂಕಿಗಿಂತ ಜಾಸ್ತಿ ಏನೂ ಹೇಳುವುದಿಲ್ಲ. 'ಇದು ಅನ್ಯಾಯ' ಅಂತ ಅವಳ ಬಾಯಲ್ಲಿ ಹೇಳಿಸಬೇಡಿ. ನೋಡುವವರು ಅವರೇ ಲೆಕ್ಕ ಹಾಕಿಕೊಳ್ಳಲಿ.

ಸೂಪರ್‌ವೈಸರ್‌ನನ್ನು ರಾಕ್ಷಸ ಮಾಡಿದರೆ ನಾಟಕದ ರಾಜಕೀಯ ಅಲ್ಲಿಗೇ ನಿಂತುಹೋಗುತ್ತದೆ. ಅವನೂ ಸಂಬಳಕ್ಕೆ ದುಡಿಯುವವನು. ಅವನ ಮೇಲೆ ಫ್ಲೋರ್ ಇನ್‌ಚಾರ್ಜ್, ಅವನ ಮೇಲೆ ಮ್ಯಾನೇಜರ್, ಅವರ ಮೇಲೆ ಇಷ್ಟು ದಿನದಲ್ಲಿ ಇಷ್ಟು ರೇಟಿಗೆ ಇಷ್ಟು ಅಂಗಿ ಬೇಕು ಅನ್ನುವ ಬೈಯರ್. ನಾವು ಒಂದು ಅಂಗಿಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಆ ಸಾಲನ್ನು ತೋರಿಸಿದೆವು. ಅಂಗಿ ಮೇಲಕ್ಕೆ ಹೋಗುತ್ತದೆ, ಬೈಗುಳ ಕೆಳಕ್ಕೆ ಬರುತ್ತದೆ. ಕೊನೆಗೆ ಬೈಗುಳ ಬಂದು ನಿಲ್ಲುವುದು ಬಾಟ್ಲಿಯ ಮುಂದೆ.

ಬರೀ ಅಳು ಬೇಡ. ಚೀಟಿ ಹಾಕುವುದು, ಹೊಸ ಸೀರೆ ತಂದರೆ ಇಡೀ ಲೈನು ಮುಟ್ಟಿ ನೋಡುವುದು, ಆಯುಧಪೂಜೆಗೆ ಮಷಿನ್‌ಗೆ ಕುಂಕುಮ ಇಟ್ಟು ಹೂ ಮುಡಿಸುವುದು, ಇವೂ ಅವರ ಬದುಕೇ.

ರಂಗಸಜ್ಜಿಕೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಟೂಲ್, ಬಾಟ್ಲಿ, ಒಂದು ಅಂಗಿ, ಬಿಂದಿ ಅಂಟಿಸಿದ ಬಟ್ಟೆ, ನಮಗೆ ಇಷ್ಟೇ ಸಾಕಾಯಿತು. ಮಷಿನ್ ಸದ್ದನ್ನು ನಟಿಯರು ಕಾಲಿನಲ್ಲೇ ಹೊಡೆಯುತ್ತಾರೆ. ಒಂದು ಕೆಲಸ ಮಾತ್ರ ತಪ್ಪದೇ ಮಾಡಿ. ರಿಹರ್ಸಲ್‌ನಲ್ಲಿ ನಟಿಯರನ್ನು ಒಂದು ಗಂಟೆ ಪೂರ್ತಿ, ಎದ್ದೇಳದೆ, 45 ಸೆಕೆಂಡಿಗೆ ಒಂದು ಸಲ ಅದೇ ಚಲನೆ ಮಾಡುತ್ತಾ ಕೂರಿಸಿ. ನಮ್ಮ ಹುಡುಗಿಯರಲ್ಲಿ ಒಬ್ಬಳು ನಲವತ್ತನೇ ನಿಮಿಷಕ್ಕೆ ಭುಜ ಹಿಡಿದುಕೊಂಡಳು. ಅದಾದ ಮೇಲೆ ನೋವು ಹೇಗೆ ನಟಿಸಲಿ ಅಂತ ಯಾರೂ ಕೇಳಲಿಲ್ಲ. ನಾಟಕ ಮುಕ್ಕಾಲು ಗಂಟೆ ಮೀರದಿರಲಿ.

ಮೊದಲ ಪ್ರದರ್ಶನ ಅವರಿಗೆ

ಮಾತು ಕೊಟ್ಟವರಿಗೆ ಮೊದಲು ತೋರಿಸಿ. ರಂಗಮಂದಿರಕ್ಕೆ ಕರೆಸಬೇಡಿ, ಅವರ ವಠಾರದ ಟೆರೇಸಿನಲ್ಲೇ ಆಡಿ. ಯಾವ ಸಾಲನ್ನು ಬೇಕಾದರೂ ತೆಗೆಸುವ ಹಕ್ಕು ಅವರಿಗಿದೆ ಅಂತ ಮೊದಲೇ ಹೇಳಿ. ನಮ್ಮ ನಾಟಕ ನೋಡಿ ಒಬ್ಬರು ಅಂದರು: "ಚೆನ್ನಾಗದೆ. ಆದ್ರೆ ನಾವು ಇಷ್ಟೊಂದು ಅಳಲ್ಲ ಕಣಕ್ಕ. ಅಳೋಕೆ ಟೈಮ್ ಎಲ್ಲದೆ?" ನಾವು ಎರಡು ಕಡೆ ಅಳು ತೆಗೆದೆವು. ಬಾಟ್ಲಿಯ ದೃಶ್ಯ ಬಂದಾಗ ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಮಗೆ ಬೇರೆ ಯಾರ ವಿಮರ್ಶೆಯೂ ಅಷ್ಟು ಮುಖ್ಯ ಅನ್ನಿಸಲಿಲ್ಲ.

ಆಮೇಲೆ ಹೊರಗೆ ಆಡುವಾಗ

ಬೀದಿಯಲ್ಲಿ ಆಡುವುದಾದರೆ ಪೊಲೀಸ್ ಠಾಣೆಗೆ ಪತ್ರ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮೈಕಿಗೆ ಅನುಮತಿ ಬೇಕು. ರಾತ್ರಿ ಹತ್ತರ ಮೇಲೆ ಮೈಕ್ ಹಾಕುವ ಹಾಗಿಲ್ಲ. ಕಾರ್ಖಾನೆ ಗೇಟಿನ ಮುಂದೆಯೇ ಆಡಬೇಕಾ ಅಂತ ಯೂನಿಯನ್‌ನವರ ಜೊತೆ ಕೂತು ಯೋಚಿಸಿ. 1989ರ ಜನವರಿ 1ರಂದು ದೆಹಲಿ ಪಕ್ಕದ ಸಾಹಿಬಾಬಾದ್‌ನಲ್ಲಿ ಕಾರ್ಮಿಕರ ಮುಂದೆ ಆಡುತ್ತಿದ್ದಾಗ ಜನ ನಾಟ್ಯ ಮಂಚ್‌ನ ಸಫ್ದರ್ ಹಾಶ್ಮಿ ಮೇಲೆ ದಾಳಿ ಆಯಿತು. ರಾಮ್ ಬಹಾದೂರ್ ಅನ್ನುವ ಕಾರ್ಮಿಕ ಅವತ್ತೇ ಸತ್ತ, ಸಫ್ದರ್ ಮಾರನೇ ದಿನ ಪ್ರಾಣ ಬಿಟ್ಟರು. ಜನವರಿ 4ರಂದು ಅವರ ಹೆಂಡತಿ ಮಲಯಶ್ರೀ ಮತ್ತು ತಂಡದವರು ಅದೇ ಜಾಗಕ್ಕೆ ಹೋಗಿ, ನಿಂತುಹೋದ ನಾಟಕವನ್ನು ಪೂರ್ತಿ ಆಡಿದರು. ಅವರ ಧೈರ್ಯಕ್ಕೆ ಕೈ ಮುಗಿಯುತ್ತೇನೆ. ನಮ್ಮ ತಂಡದ ಹುಡುಗಿಯರನ್ನು, ನೋಡೋಕೆ ಬರುವ ಕಾರ್ಮಿಕರನ್ನು ಕಾಪಾಡುವುದು ಮಾತ್ರ ನಮ್ಮ ಜವಾಬ್ದಾರಿ. ಹಾಗಾಗಿ ನಾವು ಗೇಟಿನಿಂದ ದೂರ, ಸಂಜೆ ಸಂತೆ ಸೇರುವ ಜಾಗದಲ್ಲಿ ಆಡುತ್ತೇವೆ.

ನಾಟಕ ಮುಗಿದ ಕೂಡಲೇ ಗಂಟು ಕಟ್ಟಬೇಡಿ. ಇಎಸ್‌ಐ ವಿಷಯ ಗೊತ್ತಿರುವ ಒಬ್ಬರು, ಸಾಧ್ಯವಾದರೆ ಒಬ್ಬ ಲೇಡಿ ಡಾಕ್ಟರು ಪಕ್ಕದಲ್ಲಿ ಒಂದು ಮೇಜು ಹಾಕಿಕೊಂಡು ಕೂರಲಿ. ನಮ್ಮ ಪ್ರದರ್ಶನಗಳಲ್ಲಿ ಚಪ್ಪಾಳೆಗಿಂತ ಉದ್ದದ ಸಾಲು ಆ ಮೇಜಿನ ಮುಂದೆ ಇರುತ್ತದೆ. ಇಎಸ್‌ಐ ನಂಬರ್ ಹುಡುಕುವುದು ಹೇಗೆ, ಮನೆಯವರ ಹೆಸರು ಸೇರಿಸುವುದು ಹೇಗೆ ಅಂತ ದೊಡ್ಡ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ಹಂಚಿ. ಹಾಳೆಯ ಮೇಲೆ ನಿಮ್ಮ ತಂಡದ ಹೆಸರು ಬೇಡ. ಮಡಚಿ ರವಿಕೆಯಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದಿರಲಿ.

ರೆಕಾರ್ಡಿಂಗ್‌ಗಳನ್ನು ವಾಟ್ಸಾಪ್‌ನಲ್ಲಿ ಯಾರಿಗೂ ಕಳಿಸಬೇಡಿ. ಒಂದೇ ಕಡೆ, ಪಾಸ್‌ವರ್ಡ್ ಹಾಕಿ ಇಡಿ. ಯಾರ ದನಿ ಯಾವುದು ಅನ್ನುವ ಪಟ್ಟಿಯನ್ನು ಅದರ ಜೊತೆ ಇಡದೆ ಬೇರೆ ಪುಸ್ತಕದಲ್ಲಿ ಬರೆದಿಡಿ. ಎರಡು ವರ್ಷ ಆದ ಮೇಲೆ ಒಬ್ಬರು ಫೋನ್ ಮಾಡಿ, "ಅಕ್ಕ, ನಂದು ಅಳಿಸ್ಬಿಡಿ" ಅಂದರು. ಮಗಳಿಗೆ ಗಂಡು ನೋಡುತ್ತಿದ್ದರು. ಯಾಕೆ ಅಂತ ನಾನು ಜಾಸ್ತಿ ಕೇಳಲಿಲ್ಲ. ಅವತ್ತೇ ಅಳಿಸಿದೆವು. ನಾಟಕದಲ್ಲಿ ಅವರದ್ದು ನಾಲ್ಕು ಸಾಲು ಇತ್ತು, ಅದನ್ನೂ ತೆಗೆದೆವು. ಅಲ್ಲಿಗೆ ಹೊಸ ಮಾತು ಬರೆಯಲಿಲ್ಲ. ಈಗ ಆ ಜಾಗ ಬಂದಾಗ ನಟಿ ಮಾತಾಡದೆ ಒಂದು ಕಾಲರ್ ಹೊಲಿದು ಮುಗಿಸುತ್ತಾಳೆ. 45 ಸೆಕೆಂಡ್.